ಆಕ್ಟೇವಿಯಾ ಆರ್‌ಎಸ್‌ಗೆ ಯಾವ ಲಾಗರ್?

ಸ್ಟೇಜ್ 1 ರೀಮ್ಯಾಪ್ (ಪಾರ್ಟ್ಸ್ ಬದಲಿಸದೆ ಇಂಜಿನ್ ಸಾಫ್ಟ್‌ವೇರ್ ಮಾತ್ರ ಬದಲಿಸಿ ಪವರ್ ಹೆಚ್ಚಿಸೋದು) ಆದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಲಾಗಿಂಗ್ ಮಾಡೋಕೆ, ಅಂದರೆ ಓಡುವಾಗಿನ ಇಂಜಿನ್ ಡೇಟಾ ದಾಖಲಿಸೋಕೆ, ಅಗ್ಗದ ಬ್ಲೂಟೂತ್ ಇಎಲ್‌ಎಂ327 ಅಡಾಪ್ಟರ್ ಸಾಕಾ ಅಂತ ಕೇಳಿದ್ದೀರಿ. ಎರರ್ ಕೋಡ್ ನೋಡೋಕೆ ಸಾಕು, ಲಾಗಿಂಗ್‌ಗೆ ಬೇಡ ಸರ್. ಅದು ಓದುವ ಸಾಮಾನ್ಯ ಓಬಿಡಿಯಲ್ಲಿ (ಎಲ್ಲ ಕಾರಿಗೂ ಒಂದೇ ಆದ ಡಯಾಗ್ನೊಸ್ಟಿಕ್ ವ್ಯವಸ್ಥೆ) ಮ್ಯಾನಿಫೋಲ್ಡ್ ಒತ್ತಡದ, ಅಂದರೆ ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡದ, ಮಾಮೂಲಿ ರೀಡಿಂಗ್ 255 ಕೆಪಿಎಗೇ ನಿಂತುಬಿಡುತ್ತೆ, ಅಂದರೆ ವಾತಾವರಣದ ಒತ್ತಡ ಕಳೆದು ಸುಮಾರು 1.5 ಬಾರ್ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ). ಇಸಿಯು (ಇಂಜಿನ್ ಕಂಪ್ಯೂಟರ್) ಕೇಳಿದ ಬೂಸ್ಟ್ ಎಷ್ಟು, ನಾಕ್ (ಇಂಧನ ಹತೋಟಿ ತಪ್ಪಿ ಉರಿಯೋದು) ಆಗಿ ಯಾವ ಸಿಲಿಂಡರ್‌ನ ಕಿಡಿಯ ಟೈಮಿಂಗ್ ಹಿಂದೆ ಸರಿದಿದೆ, ಇವೆರಡೂ ಅದರಲ್ಲಿ ಸಿಗಲ್ಲ. 91 ಆಕ್ಟೇನ್ ಪೆಟ್ರೋಲ್ ಹಾಕುವವರಿಗೆ ಎರಡನೆಯದ್ದೇ ಎಲ್ಲಕ್ಕಿಂತ ಮುಖ್ಯ.

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಣ್ಣುಮುಚ್ಚಿ ರಾಸ್-ಟೆಕ್ ಕಂಪನಿಯ ಅಸಲಿ ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳ ಡಯಾಗ್ನೊಸ್ಟಿಕ್ ಕೇಬಲ್ ಮತ್ತು ಸಾಫ್ಟ್‌ವೇರ್) ತಗೊಳ್ಳಿ. ಅದರಲ್ಲಿ 'ಗ್ರೂಪ್ ಯುಡಿಎಸ್ ರಿಕ್ವೆಸ್ಟ್ಸ್' (ಹಲವು ರೀಡಿಂಗ್ ಒಟ್ಟಿಗೆ ಕೇಳುವ ಆಯ್ಕೆ) ಟಿಕ್ ಮಾಡಿದರೆ ಲಾಗ್ ವೇಗ ಹೆಚ್ಚುತ್ತೆ. ಸಿಕ್ಕಿದ್ದೆಲ್ಲ ಚಾನೆಲ್ ತುಂಬಬೇಡಿ. ಆರ್‌ಪಿಎಂ, ಕೇಳಿದ ಮತ್ತು ಸಿಕ್ಕಿದ ಬೂಸ್ಟ್, ನಾಲ್ಕೂ ಸಿಲಿಂಡರ್‌ನ ರಿಟಾರ್ಡ್ (ಟೈಮಿಂಗ್ ಹಿಂದೆ ಸರಿದದ್ದು), ಇನ್‌ಟೇಕ್ ತಾಪಮಾನ ಸಾಕು. ಡೈನೋ (ಕಾರಿನ ಪವರ್ ಅಳೆಯುವ ಯಂತ್ರ) ಮೇಲೋ ಟ್ರ್ಯಾಕಲ್ಲೋ ಮೂರನೇ ಗೇರ್‌ನಲ್ಲಿ 2000ದಿಂದ 6000 ಆರ್‌ಪಿಎಂವರೆಗೆ ಫುಲ್ ಥ್ರಾಟಲ್ ಕೊಡಿ. ಲಾಗ್‌ನ ಸಿಎಸ್‌ವಿ ಫೈಲನ್ನು ರೀಮ್ಯಾಪ್ ಮಾಡಿದ ಟ್ಯೂನರ್‌ಗೆ ಹಾಗೇ ಕಳಿಸಬಹುದು.