ಪಿಲ್‌ನಿಟ್ಜ್ ಅರಮನೆ ತೋಟ ಯಾವ ಶೈಲಿಯದು?

ಪ್ರಶ್ನೆ: ಮಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾಳೆ. ಮಾರ್ಚ್‌ನಲ್ಲಿ ಹೋದಾಗ ಪಿಲ್‌ನಿಟ್ಜ್ ಅರಮನೆ ತೋಟ ನೋಡುವ ಆಸೆ. ಅದು ಫ್ರೆಂಚ್ ಶೈಲಿ ಎನ್ನುತ್ತಾರೆ ಒಬ್ಬರು, ಇಂಗ್ಲಿಷ್ ಶೈಲಿ ಎನ್ನುತ್ತಾರೆ ಇನ್ನೊಬ್ಬರು. ಬೆಂಗಳೂರಿನ ಲಾಲ್‌ಬಾಗ್ ತೋಟ ನೋಡಿಕೊಂಡಿದ್ದ ಜರ್ಮನ್ ತೋಟಗಾರ ಕೃಂಬಿಗಲ್ ಅಲ್ಲೇ ಕಲಿತದ್ದಂತೆ, ನಿಜವೇ?

ಉತ್ತರ: ಇಬ್ಬರ ಮಾತೂ ಸರಿ. ಅಲ್ಲಿಯ ದೊರೆಗಳು ಹಳೆಯ ತೋಟವನ್ನು ಪೂರ್ತಿ ಅಗೆದುಹಾಕದೆ, ಪಕ್ಕದಲ್ಲಿ ತಮ್ಮ ಕಾಲದ ತೋಟ ಸೇರಿಸುತ್ತ ಹೋದರು. ನನಗೆ ಆ ಜಾಗ ಇಷ್ಟವಾಗುವುದೇ ಅದಕ್ಕೆ.

ಎಲ್ಬೆ ನದಿಯ ದಡದಿಂದ ನೋಡಲು ಶುರುಮಾಡಿ. ಆಗಸ್ಟಸ್ ದೊರೆ 1720ರ ದಶಕದಲ್ಲಿ ಕಟ್ಟಿಸಿದ ಜಲ ಅರಮನೆಯ ಮೆಟ್ಟಿಲುಗಳು ನದಿಯತ್ತ ಇಳಿಯುತ್ತವೆ. ಆಸ್ಥಾನದವರು ಡ್ರೆಸ್ಡೆನ್‌ನಿಂದ ದೋಣಿಯಲ್ಲಿ ಬಂದು ಇಲ್ಲೇ ಇಳಿಯುತ್ತಿದ್ದರು. ಬಾಗಿದ ಚಾವಣಿ ಚೀನಾ ಮಾದರಿಯದು. ಎದುರಿಗೆ ಗುಡ್ಡದ ಅರಮನೆ, ನಡುವೆ ಅಳತೆಯಿಟ್ಟು ಬಿಡಿಸಿದ ಹೂಪಾತಿಗಳು. ಹತ್ತಿರದಲ್ಲೇ ಹಾರ್ನ್‌ಬೀಮ್ ಗಿಡಗಳನ್ನು ಗೋಡೆಯಂತೆ ಕತ್ತರಿಸಿ ಮಾಡಿದ ಹಸಿರು ಕೋಣೆಗಳಿವೆ. ಇದು ಫ್ರೆಂಚ್ ಭಾಗ.

1778ರಲ್ಲಿ, ಸಸ್ಯಶಾಸ್ತ್ರದ ಹುಚ್ಚಿದ್ದ ಇನ್ನೊಬ್ಬ ದೊರೆ ಫ್ರೆಡ್ರಿಕ್ ಆಗಸ್ಟಸ್ ಇಂಗ್ಲಿಷ್ ತೋಟ ಶುರುಮಾಡಿದ. ಇಲ್ಲಿ ನೇರ ಗೆರೆಗಳಿಲ್ಲ. ಕೊಳ, ಅಂಕುಡೊಂಕು ದಾರಿ, ನೀರಂಚಿನಲ್ಲಿ ದುಂಡನೆಯ ಮಂಟಪ. ಆಮೇಲಿನವು 1804ರ ಚೀನೀ ಮಂಟಪ, 1870ರ ದಶಕದ ಸೂಚಿಪರ್ಣ ಮರಗಳ ತೋಪು.

ಕೃಂಬಿಗಲ್ ವಿಷಯವೂ ನಿಜ. ಹತ್ತಿರದ ಲೋಹ್ಮೆನ್‌ನಲ್ಲಿ 1865ರಲ್ಲಿ ಹುಟ್ಟಿದ ಅವರು ಪಿಲ್‌ನಿಟ್ಜ್‌ನಲ್ಲಿ ತೋಟಗಾರಿಕೆ ಕಲಿತು, ಲಂಡನ್, ಬರೋಡ ಸುತ್ತಿ 1908ರಲ್ಲಿ ಬೆಂಗಳೂರಿಗೆ ಬಂದರು.

ನೀವು ಹೋಗುವ ಮಾರ್ಚ್ ಒಳ್ಳೆಯ ಕಾಲ, ಏಕೆಂದರೆ ಆಗ ಅಲ್ಲಿಯ ಕ್ಯಾಮೆಲಿಯಾ ಎಂಬ ಹಳೆಯ ಹೂಗಿಡ ಕೆಂಪಗೆ ಹೂ ಬಿಟ್ಟಿರುತ್ತದೆ. 1801ರಲ್ಲಿ ನೆಲಕ್ಕೆ ನೆಟ್ಟ ಈ ಗಿಡ ಈಗ ಸುಮಾರು ಒಂಬತ್ತು ಮೀಟರ್ ಎತ್ತರವಿದೆ. 1905ರ ಜನವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಅದಕ್ಕೆ ಕಟ್ಟಿದ್ದ ಮರದ ಮನೆಗೆ ಬೆಂಕಿ ಬಿತ್ತು. ಆರಿಸಲು ಹಾಯಿಸಿದ ನೀರು ಗಿಡದ ಮೇಲೆ ಹೆಪ್ಪುಗಟ್ಟಿ, ಆ ಮಂಜುಗಡ್ಡೆಯ ಹೊದಿಕೆಯೇ ಅದನ್ನು ಉಳಿಸಿತು. 1992ರಿಂದ ಅದಕ್ಕೆ ಹಳಿಗಳ ಮೇಲೆ ಸರಿಯುವ ಗಾಜಿನ ಮನೆಯಿದೆ. ಚಳಿಗಾಲಕ್ಕೆ ಅದನ್ನು ಗಿಡದ ಮೇಲಕ್ಕೆ ತರುತ್ತಾರೆ. ಒಳಗೆ ಹೋಗಿ ನೋಡಿ. ಕೃಂಬಿಗಲ್ ಅಲ್ಲಿ ಕಲಿಯುತ್ತಿದ್ದಾಗಲೇ ಅದನ್ನು ನೆಟ್ಟು ಸುಮಾರು ಎಂಬತ್ತು ವರ್ಷವಾಗಿತ್ತು.