ಪಕ್ಕದ ಅಂಗಡಿ ಬೋರ್ಡ್ ದೊಡ್ಡದಾಯಿತು, ನಾನೇನು ಮಾಡಲಿ?

ಪ್ರಶ್ನೆ: ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ. ಅಕ್ಕಪಕ್ಕದವರು ಮಹಡಿ ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್ ಹಾಕಿದ್ದಾರೆ. ಎದುರಿನ ಕಂಬಕ್ಕೆ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದರಂತೂ ನನ್ನ ಬೋರ್ಡೇ ಕಾಣುವುದಿಲ್ಲ. ನಾನೂ ದೊಡ್ಡದು ಮಾಡಿಸಲಾ? ಊರಿನ ಅಂದ ಹೀಗೇ ಕೆಡುತ್ತಾ ಹೋಗಬೇಕಾ?
– ಓದುಗರು, ಶಿವಮೊಗ್ಗ

ಉತ್ತರ: ದಯವಿಟ್ಟು ದೊಡ್ಡದು ಮಾಡಿಸಬೇಡಿ. ಫ್ಲೆಕ್ಸ್ ಬರುವ ಮೊದಲು ನಾನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದೆ. ನಮ್ಮ ಕಸುಬಿನಲ್ಲಿ ಒಂದು ಲೆಕ್ಕವಿದೆ. 10 ಅಡಿ ದೂರದಿಂದ ಓದಲು 1 ಇಂಚಿನ ಅಕ್ಷರ ಸಾಕು. ರಸ್ತೆಯ ಆಚೆ ಬದಿ 40 ಅಡಿ ಅಂದುಕೊಂಡರೆ 4 ಇಂಚು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಅದಕ್ಕೇ ನಾನು 6 ಇಂಚು ಬರೆದು, ಸುತ್ತ ಧಾರಾಳವಾಗಿ ಜಾಗ ಬಿಡುತ್ತಿದ್ದೆ. ಈಗ ಆ ಜಾಗದಲ್ಲೆಲ್ಲ ಫೋಟೊ, ಫೋನ್ ನಂಬರ್, ಹತ್ತಾರು ಬಣ್ಣ. ಅಂಗಡಿ ಹೆಸರನ್ನು ಹುಡುಕಬೇಕು. ಪಕ್ಕದವರದ್ದು ದೊಡ್ಡದಾಗಿದೆ, ಆದರೆ ಓದಲು ಆಗುತ್ತಿದೆಯಾ? ರಸ್ತೆ ದಾಟಿ ನಿಂತು ನೋಡಿ.

ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ 2007ರಿಂದ ಜಾಹೀರಾತು ಹೋರ್ಡಿಂಗ್‌ಗಳನ್ನೇ ನಿಷೇಧಿಸಿದ್ದಾರೆ. ಅಂಗಡಿ ಬೋರ್ಡಿಗೂ ಅಳತೆ ಇದೆ. ಮುಂಭಾಗ 10 ಮೀಟರಿಗಿಂತ ಕಡಿಮೆ ಇದ್ದರೆ ಬೋರ್ಡ್ ಒಂದೂವರೆ ಚದರ ಮೀಟರ್ ಮೀರುವಂತಿಲ್ಲ. ನಮ್ಮ ಲೆಕ್ಕದಲ್ಲಿ 8 ಅಡಿ ಉದ್ದ, 2 ಅಡಿ ಎತ್ತರ. ನಾನು ಬರೆಯುತ್ತಿದ್ದ ಬೋರ್ಡುಗಳೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿದ್ದವು! ಅಲ್ಲಿ ನಿಯಮ ಎಲ್ಲರಿಗೂ ಒಂದೇ, ಹಾಗಾಗಿ ಪೈಪೋಟಿಯೇ ಇಲ್ಲ. ನಿಮ್ಮ ಸಾಲಿನ ಅಂಗಡಿಯವರು ಕೂತು ಮಾತಾಡಿ ಇಷ್ಟು ಒಪ್ಪಿಕೊಂಡರೆ ದೊಡ್ಡ ಕೆಲಸ ಆಗುತ್ತದೆ. ಖರ್ಚೂ ಉಳಿಯುತ್ತದೆ, ಅಲ್ವಾ?

ಕಂಬದ ಬ್ಯಾನರ್ ವಿಷಯ. ಸಾರ್ವಜನಿಕ ಜಾಗ ಅಂದಗೆಡಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಹಾಕಬಹುದು. ಪ್ಲಾಸ್ಟಿಕ್ ಫ್ಲೆಕ್ಸನ್ನು 2016ರಲ್ಲಿ ಸರ್ಕಾರ ನಿಷೇಧಿಸಿತು. ಆದ್ದರಿಂದ ಫೋಟೊ ತೆಗೆದು ಪಾಲಿಕೆಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಮರಕ್ಕೆ ಮೊಳೆ ಹೊಡೆದು ಹಾಕಿದ ಬೋರ್ಡ್ ಕಂಡರೆ ಅದನ್ನೂ ಸೇರಿಸಿ. ನನಗೆ ಜಾಸ್ತಿ ಸಂಕಟ ಆಗುವುದು ಅದನ್ನು ನೋಡಿದಾಗ. ಹರಿದ ಫ್ಲೆಕ್ಸ್ ನಮ್ಮ ಕಡೆ ಸೌದೆ ರಾಶಿಗೆ ಹೊದಿಕೆಯಾಗುತ್ತದೆ, ಅದು ಪರವಾಗಿಲ್ಲ. ಆದರೆ ಬಚ್ಚಲ ಒಲೆಗೆ ಮಾತ್ರ ಹಾಕಬಾರದು. ಅದು ಪಿವಿಸಿ ಎಂಬ ಪ್ಲಾಸ್ಟಿಕ್, ಹೊಗೆ ವಿಷ.

ಇನ್ನು ನಿಮ್ಮ ಬೋರ್ಡ್. ಶೇ 60ರಷ್ಟು ಕನ್ನಡ ಇರಲೇಬೇಕು ಎಂದು ಕಾನೂನಾಗಿದೆ, ಹೆಸರನ್ನು ಕನ್ನಡದಲ್ಲೇ ದೊಡ್ಡದಾಗಿ ಬರೆಸಿ. ತಗಡಿಗೆ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್, ಮೇಲೆ ಎನಾಮಲ್ ಪೇಂಟ್. ಬಿಳಿಯ ಮೇಲೆ ಕಡುನೀಲಿ ಚೆನ್ನಾಗಿ ಕಾಣುತ್ತದೆ. ಕೆಂಪು ಬಿಸಿಲಿಗೆ ಬೇಗ ಮಂಕಾಗುತ್ತದೆ. ಕೈಯಲ್ಲಿ ಬರೆಯುವವರು ಊರಲ್ಲಿ ಇನ್ನೂ ಇದ್ದಾರೆ, ವಿಚಾರಿಸಿ. ಮೇ ತಿಂಗಳೊಳಗೆ ಮುಗಿಸಿಬಿಡಿ. ಜೂನ್ ಮಳೆ ಹಿಡಿದರೆ ಬಣ್ಣ ಸರಿಯಾಗಿ ಒಣಗುವುದಿಲ್ಲ.