ಕಥೆ ಬೇಡ, ಓದಿ ಹೇಳಿ

ಪ್ರಶ್ನೆ: ಮಗನ ಕಪಾಟಿನಲ್ಲಿದ್ದ, ಇಂಗ್ಲಿಷ್ ಹಾಸ್ಯ ಲೇಖಕ ಪಿ.ಜಿ. ವುಡ್‌ಹೌಸ್ ಅವರ ‘ದಿ ಕೋಡ್ ಆಫ್ ದಿ ವೂಸ್ಟರ್ಸ್’ ಕಾದಂಬರಿ ಓದಿ ಒಬ್ಬನೇ ಬಹಳ ನಕ್ಕೆ. ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆ ಅದೇ ಕಥೆ ಹೇಳಿದರೆ ಯಾರೂ ನಗಲಿಲ್ಲ. ಈ ಹಾಸ್ಯ ಕನ್ನಡಕ್ಕೆ ಬರುವುದೇ ಇಲ್ಲವೇ? ಯುದ್ಧಕಾಲದಲ್ಲಿ ಇವರು ಜರ್ಮನರ ರೇಡಿಯೋದಲ್ಲಿ ಮಾತನಾಡಿದ್ದು ನಿಜವೇ?
– ಸೀರೆ ವ್ಯಾಪಾರಿ, ಇಳಕಲ್

ಉತ್ತರ: ನಿಮಗಾದದ್ದು ನನಗೂ ಆಗಿದೆ. 1970ರ ದಶಕದಲ್ಲಿ ಸೊಲ್ಲಾಪುರದಿಂದ ಬಿಜಾಪುರಕ್ಕೆ ಮೀಟರ್ ಗೇಜ್ ಗಾಡಿಯಲ್ಲಿ ಬರುವಾಗ ಇದೇ ಕಾದಂಬರಿ ನನ್ನ ಕೈಯಲ್ಲಿತ್ತು. ಇಂಡಿ ದಾಟುವಷ್ಟರಲ್ಲಿ ನಕ್ಕು ನಕ್ಕು ಕಣ್ಣಲ್ಲಿ ನೀರು. ಎದುರಿಗೆ ಕುಳಿತ ಅಜ್ಜಿಯೊಬ್ಬರು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟು, “ಏನಿದೆ ತಮ್ಮಾ ಅದರಲ್ಲಿ, ನಮಗೂ ಹೇಳು” ಎಂದರು. ಆಕಳಿನ ಆಕಾರದ ಒಂದು ಬೆಳ್ಳಿಯ ಹಾಲಿನ ಪಾತ್ರೆ, ಅದನ್ನು ಕದಿಯಲು ಹೊರಟ ಒಬ್ಬ ಶ್ರೀಮಂತ ತರುಣ ಎಂದು ಕಥೆ ಹೇಳಿದೆ. ಅಜ್ಜಿ ಮರುಕದಿಂದ, “ಪಾತ್ರೆ ಸಿಕ್ಕಿತೇ?” ಎಂದು ಕೇಳಿದರು. ಅಷ್ಟೇ. ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವಾಗಲೂ ಆ ಪ್ರಶ್ನೆ ನನ್ನ ಜೊತೆಗಿತ್ತು.

ವುಡ್‌ಹೌಸ್ ಅವರ ನಗೆ ಇರುವುದು ಯಾರು ಹೇಳುತ್ತಿದ್ದಾರೆ ಎಂಬುದರಲ್ಲಿ. ಕಥೆ ಹೇಳುವ ಬರ್ಟಿ ವೂಸ್ಟರ್‌ಗೆ ಬುದ್ಧಿ ಕಡಿಮೆ, ಮಾತಿನ ಸಿರಿ ಅಪಾರ. ಶಾಲೆಯಲ್ಲಿ ಕಲಿತ ಬೈಬಲ್ಲು, ಶೇಕ್ಸ್‌ಪಿಯರ್ ಅವನ ನಾಲಗೆಯ ಮೇಲೆ ಅರ್ಧರ್ಧ ಉಳಿದಿವೆ. ಸಾಲು ನಡುವೆ ತಪ್ಪಿದಾಗ ಸೇವಕ ಜೀವ್ಸ್ ಅದನ್ನು ವಿನಯದಿಂದ ಪೂರ್ತಿ ಮಾಡುತ್ತಾನೆ. ಈ ಧ್ವನಿಯನ್ನು ಬಿಟ್ಟು ಘಟನೆಯನ್ನಷ್ಟೇ ಹೇಳಿದರೆ ಉಳಿಯುವುದು ಪಾತ್ರೆ ಕಳುವಾದ ಸುದ್ದಿ ಮಾತ್ರ.

ಕನ್ನಡಕ್ಕೆ ಇದು ಖಂಡಿತ ಬರುತ್ತದೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿ ಕಾಣೆಯಾಗಿದೆ ಎಂದುಕೊಳ್ಳಿ. ‘ಅತ್ತೆಯವರು ಭರಣಿ ಹುಡುಕಿದರು’ ಎಂದರೆ ಯಾರು ನಗುತ್ತಾರೆ? ‘ದುರ್ಯೋಧನ ಅಡಗಿದ ಸರೋವರದ ದಡಕ್ಕೆ ಬಂದ ಭೀಮಸೇನನಂತೆ ಅತ್ತೆಯವರು ಸೌಟು ಹಿಡಿದು ಅಟ್ಟದ ಕೆಳಗೆ ನಿಂತರು’ ಎಂದು ನೋಡಿ. ‘ಗದಾಯುದ್ಧ’ ಬರೆದ ರನ್ನ ನಿಮ್ಮ ಜಿಲ್ಲೆಯ ಮುಧೋಳದವನು. ಅವನ ಗದೆ ಅಡುಗೆಮನೆಯ ಸೌಟಾದಾಗ ನಗಲು ನಮ್ಮ ಓದುಗರಿಗೆ ಯಾರ ವಿವರಣೆಯೂ ಬೇಕಿಲ್ಲ. ವುಡ್‌ಹೌಸ್ ಅವರ ಇನ್ನೊಂದು ಕೈಚಳಕವಿದೆ: ಮನುಷ್ಯನ ಮನಃಸ್ಥಿತಿಯನ್ನು ಅವನ ಕೈಯಲ್ಲಿರುವ ವಸ್ತುವಿಗೆ ಹಚ್ಚುವುದು. ‘ಅವನು ಚಿಂತಾಕ್ರಾಂತವಾದ ರೊಟ್ಟಿಯೊಂದನ್ನು ಮುರಿದನು’ – ಚಿಂತೆ ಅವನದು, ವಿಶೇಷಣ ರೊಟ್ಟಿಗೆ. ಇದನ್ನು ತರಗತಿಯಲ್ಲಿ ಹೇಳಿದಾಗ ಕೊನೆಯ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಇದೆಲ್ಲ ಸಲೀಸಾಗಿ ಹರಿದು ಬಂದದ್ದೆಂದು ಭಾವಿಸಬೇಡಿ. 1881ರಲ್ಲಿ ಹುಟ್ಟಿದ ವುಡ್‌ಹೌಸ್ 1900ರಿಂದ ಎರಡು ವರ್ಷ ಲಂಡನ್ನಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದುಕೊಂಡೇ ಪತ್ರಿಕೆಗಳಿಗೆ ಬರೆದರು. ಆಮೇಲೆ ನ್ಯೂಯಾರ್ಕಿನ ಸಂಗೀತ ನಾಟಕಗಳಿಗೆ ಹಾಡು ಬರೆದರು. ತಮ್ಮ ಕಾದಂಬರಿಗಳನ್ನು ಸಂಗೀತವಿಲ್ಲದ ಸಂಗೀತ ನಾಟಕಗಳೆಂದು ಅವರೇ ಕರೆದಿದ್ದಾರೆ. ಪಾತ್ರಗಳು ಬಾಗಿಲಿಂದ ಒಳಬರುವ ಹೊತ್ತು, ಕಿಟಕಿಯಿಂದ ಜಿಗಿಯುವ ಹೊತ್ತು ಅಷ್ಟು ಕರಾರುವಾಕ್ಕಾಗಿರುವುದು ರಂಗದ ಪಾಠದಿಂದ. ಒಂದು ಕಾದಂಬರಿ ಆರಂಭಿಸುವ ಮೊದಲು ಸುಮಾರು 400 ಪುಟ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ತೊಂಬತ್ತಕ್ಕೂ ಹೆಚ್ಚು ಪುಸ್ತಕಗಳ ಹಿಂದೆ ಇಂಥ ದುಡಿಮೆಯಿದೆ. ‘ಹಗುರ ಸಾಹಿತ್ಯ’ ಎಂದು ಇವರನ್ನು ಪಕ್ಕಕ್ಕೆ ಸರಿಸುವವರ ಮಾತನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ: ಜರ್ಮನರ ರೇಡಿಯೋದಲ್ಲಿ ಮಾತನಾಡಿದ್ದು ನಿಜ. 1940ರಲ್ಲಿ ಫ್ರಾನ್ಸಿನಲ್ಲಿದ್ದ ಅವರನ್ನು ಜರ್ಮನರು ಸೆರೆಹಿಡಿದರು. 1941ರಲ್ಲಿ ಬರ್ಲಿನ್‌ನಿಂದ ಐದು ಭಾಷಣ ಮಾಡಿ, ಸೆರೆಶಿಬಿರದ ದಿನಚರಿಯನ್ನು ತಮ್ಮ ಎಂದಿನ ಹಗುರ ಧಾಟಿಯಲ್ಲಿ ವಿವರಿಸಿದರು. ಬಾಂಬಿನ ಕೆಳಗೆ ಬದುಕಿದ್ದ ಇಂಗ್ಲೆಂಡಿಗೆ ಅದು ಸಹಿಸಲಾಗದ ಮಾತಾಯಿತು. 1945ರಲ್ಲಿ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್, ವುಡ್‌ಹೌಸ್ ಪರವಾಗಿ ಲೇಖನ ಬರೆದು, ಇದು ಮೂರ್ಖತನ, ದ್ರೋಹವಲ್ಲ ಎಂದು ವಾದಿಸಿದರು. ನನ್ನ ನಿಲುವೂ ಅದೇ. ಆದರೆ ತಪ್ಪು ಚಿಕ್ಕದೆಂದು ಹೇಳಲಾರೆ. ವುಡ್‌ಹೌಸ್ ಮತ್ತೆ ಇಂಗ್ಲೆಂಡಿನಲ್ಲಿ ನೆಲೆಸಲಿಲ್ಲ. 1955ರಲ್ಲಿ ಅಮೆರಿಕದ ಪ್ರಜೆಯಾದರು. 1975ರ ಆರಂಭದಲ್ಲಿ ಬ್ರಿಟನ್ ‘ಸರ್’ ಪದವಿ ಕೊಟ್ಟಿತು. ಅದೇ ಫೆಬ್ರುವರಿ 14ರಂದು, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಊಟದ ಹೊತ್ತಿನ ಸಂಗತಿ. ಇಡೀ ಕಥೆ ಬೇಡ. ಮೊದಲ ಎರಡು ಪುಟಗಳನ್ನಷ್ಟೇ ಕನ್ನಡಕ್ಕೆ ತನ್ನಿ. ಬರ್ಟಿಯ ಶೇಕ್ಸ್‌ಪಿಯರ್ ಇದ್ದಲ್ಲಿ ನಿಮಗೆ ಬಾಯಿಪಾಠವಿರುವ ಸರ್ವಜ್ಞನ ತ್ರಿಪದಿಯನ್ನು ಅರ್ಧಕ್ಕೆ ನಿಲ್ಲಿಸಿ ಬರೆಯಿರಿ. ಆಮೇಲೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಉಳಿದರ್ಧ ತ್ರಿಪದಿಯನ್ನು ಯಾರು ಪೂರ್ತಿ ಮಾಡಿದರೆಂದು ಮುಂದಿನ ಪತ್ರದಲ್ಲಿ ತಿಳಿಸಿ.